ತಾರ್ತು ಊರಿನ ತಾಲೀಮು

ಜನವರಿ ತಿಂಗಳ ತಾರ್ತುವಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗಿರುತ್ತದೆ. ಎಸ್ಟೋನಿಯಾ ದೇಶದ ಈ ಪುಟ್ಟ ನಗರದ ನಡುವೆ ಹರಿಯುವ ಎಮಾಯೊಗಿ ಹೊಳೆಯ ದಂಡೆಗುಂಟ ಹಿಮ ಬಿದ್ದಿರುತ್ತದೆ, ಬೀದಿದೀಪದ ಕೆಳಗೆ ನಡೆಯುವವರ ಉಸಿರು ಹೊಗೆಯಾಗಿ ಕಾಣುತ್ತದೆ. ಅಂಥ ಚಳಿಯಲ್ಲಿ, ಕೆಲಸ ಮುಗಿಸಿ ಮನೆ ಸೇರಿ ಬೆಚ್ಚಗೆ ಕೂರುವುದನ್ನು ಬಿಟ್ಟು, ಕಂಕುಳಲ್ಲಿ ಹಾಡಿನ ಕಡತ ಇರುಕಿಕೊಂಡು ಒಬ್ಬೊಬ್ಬರಾಗಿ ಶಾಲೆಯ ಹಾಲಿನೊಳಗೆ ಮೇಳದ ತಾಲೀಮಿಗೆ ಬರುವವರನ್ನು ನೋಡಿ. ಬಾಗಿಲ ಬಳಿ ಒದ್ದೆ ಬೂಟುಗಳ ಸಾಲು. ಗೂಟಕ್ಕೆ ನೇತುಹಾಕಿದ ದಪ್ಪ ಕೋಟುಗಳಿಂದ ಕರಗಿದ ಹಿಮ ತೊಟ್ಟಿಕ್ಕುತ್ತಿದೆ. ಒದ್ದೆ ಉಣ್ಣೆಯ ವಾಸನೆಗೆ ಯಾರದೋ ಫ್ಲಾಸ್ಕಿನ ಕಾಫಿಯ ಪರಿಮಳ ಬೆರೆತಿದೆ. ಕುರ್ಚಿ ಎಳೆದ ಸದ್ದು, ಕೆಮ್ಮು, ನಗು, ಹಾಳೆ ಮಗುಚುವ ಸರಸರ.

ಹಾಡಿಸುವವರು ಟ್ಯೂನಿಂಗ್ ಫೋರ್ಕನ್ನು ಮಂಡಿಗೆ ತಟ್ಟಿ ಕಿವಿಗೆ ಹಿಡಿಯುತ್ತಾರೆ, ಮೆಲ್ಲನೆ ಒಂದು ಸ್ವರ ಗುನುಗುತ್ತಾರೆ. ಬಾಯಿ ಮುಚ್ಚಿಕೊಂಡೇ ಇಡೀ ಹಾಲು ಅದನ್ನು ಹಿಡಿಯುತ್ತದೆ. ಒಂದೇ ರಾಗದ ಎಳೆ ಹಿಡಿದು ಹೋಗುವ ಹಾಡಿಗೆ ಒಗ್ಗಿದ ನಮ್ಮ ಕಿವಿಗೆ ಮೊದಲು ಗಲಿಬಿಲಿ: ಹೆಂಗಸರ ಎರಡು ಗುಂಪು, ಗಂಡಸರ ಎರಡು ಗುಂಪು, ನಾಲ್ಕು ಗುಂಪಿನದೂ ನಾಲ್ಕು ದಾರಿ. ಒಂದೊಂದನ್ನೇ ಕೇಳಿದರೆ ಅರೆಬರೆ ಅನ್ನಿಸುವ ಆ ಸಾಲುಗಳು ಕೂಡಿದಾಗ, ನಾಲ್ಕು ಕಾಲಿನ ಜಡೆ ಹೆಣೆದುಕೊಂಡ ಹಾಗೆ, ಬಿಗಿಯಾಗುತ್ತವೆ. ಉದ್ದನೆಯ ಸ್ವರ ಬಂದಾಗ ಪಕ್ಕಪಕ್ಕದವರು ಒಟ್ಟಿಗೆ ಉಸಿರು ತೆಗೆಯುವುದಿಲ್ಲ. ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಸ್ವರ ಹಿಡಿದಿರುತ್ತಾರೆ. ಎಲ್ಲಿ ಉಸಿರು, ಎಲ್ಲಿ ತಡೆ ಎಂಬುದಕ್ಕೆ ಹಾಳೆಯ ಮೇಲೆ ಪೆನ್ಸಿಲ್ ಗುರುತು ಬೀಳುತ್ತದೆ, ಅಳಿಸಿ ಮತ್ತೆ ಬೀಳುತ್ತದೆ. ಕೆಳಸ್ಥಾಯಿಯ ಹೆಂಗಸರು ಒಂದೇ ಸಾಲಿನಲ್ಲಿ ತಪ್ಪುತ್ತಿದ್ದಾರೆ. ಅದೊಂದೇ ಸಾಲು ಮತ್ತೆ ಮತ್ತೆ ನಡೆಯುತ್ತದೆ, ಯಾರೂ ಬೇಸರಿಸುವುದಿಲ್ಲ.

ಈ ರೂಢಿಯ ಬೇರು ಹುಡುಕುತ್ತ ಹೊಳೆ ದಾಟಿದರೆ ಯಾಮಾ ಬೀದಿಯಲ್ಲಿ ಒಂದು ಹಳೆಯ ಮರದ ಮನೆ ಸಿಗುತ್ತದೆ. ಈಗ ಅದು ಹಾಡುಹಬ್ಬದ ಮ್ಯೂಸಿಯಂ, ಹಿಂದೆ ವಾನೆಮುಯಿನೆ ಎಂಬ ಹಾಡುಗಾರರ ಸಂಘದ ಮನೆ. ಆ ಸಂಘ ಹುಟ್ಟಿದ್ದು 1865ರಲ್ಲಿ. ಪತ್ರಿಕೆ ನಡೆಸುತ್ತಿದ್ದ ಯೊಹಾನ್ ವೋಲ್ಡೆಮಾರ್ ಯಾನ್ಸೆನ್ ಅದರ ಮುಂದಾಳು. ಆಗ ಆಳ್ವಿಕೆ ರಷ್ಯಾದ ತ್ಸಾರ್‌ನದು, ಜಮೀನು ಜರ್ಮನ್ ಧಣಿಗಳದು. ಎಸ್ಟೋನಿಯನ್ ಎಂದರೆ ಹೊಲದಲ್ಲಿ ದುಡಿಯುವವರ ಮಾತು. ಈ ಸೀಮೆಯಲ್ಲಿ ಜೀತ ರದ್ದಾದದ್ದು 1819ರಲ್ಲಿ. ಬಿಡುಗಡೆ ಸಿಕ್ಕಿತು, ಭೂಮಿ ಸಿಗಲಿಲ್ಲ. ಬಹಳಷ್ಟು ರೈತಾಪಿಗಳಿಗೆ ಮನೆತನದ ಹೆಸರೆಂಬುದು ಬಂದದ್ದೇ ಆಮೇಲೆ. ಅಂಥ ಮನೆಗಳ ಮಕ್ಕಳು ಹಳ್ಳಿಯ ಶಾಲೆಯಲ್ಲಿ ಮೇಷ್ಟರಿಂದ ನಾಲ್ಕು ದನಿಯ ಹಾಡು ಕಲಿತರು. ಆ ಮೇಷ್ಟರಲ್ಲಿ ಎಷ್ಟೋ ಮಂದಿ ವಾಲ್ಗಾದಲ್ಲಿ ಯಾನಿಸ್ ಚಿಮ್ಜೆ ನಡೆಸುತ್ತಿದ್ದ ಶಿಕ್ಷಕರ ಶಾಲೆಯಲ್ಲಿ ಪಳಗಿದವರು. ಹಬ್ಬಕ್ಕಿಂತ ಮೊದಲು ನಾವು ನೆನೆಯಬೇಕಾದವರು ಈ ಮೇಷ್ಟರೇ ಎಂದು ನನಗನ್ನಿಸುತ್ತದೆ.

ಜೀತ ತೊಲಗಿ ಐವತ್ತು ವರ್ಷ ತುಂಬಿದ ನೆಪದಲ್ಲಿ, ಸರ್ಕಾರದ ಅಪ್ಪಣೆಗಾಗಿ ಕಾದು, ವಾನೆಮುಯಿನೆ ಸಂಘ 1869ರ ಜೂನ್‌ನಲ್ಲಿ ಮೊದಲ ಹಾಡುಹಬ್ಬ ನಡೆಸಿತು. ಆ ಮೂರು ದಿನ ತಾರ್ತು ಹೇಗಿದ್ದಿರಬೇಕು! ಕತ್ತಲೇ ಆಗದಂಥ ಬೇಸಿಗೆಯ ರಾತ್ರಿಗಳು, ದೂರದೂರದ ಹಳ್ಳಿಗಳಿಂದ ದೂಳೆಬ್ಬಿಸುತ್ತ ಬಂದ ಕುದುರೆಗಾಡಿಗಳು, ಹಿತ್ತಾಳೆ ವಾದ್ಯಗಳ ಮೊಳಗು, ಇಷ್ಟು ಮಂದಿ ನಮ್ಮವರಿದ್ದಾರೆಯೇ ಎಂದು ಬೆರಗಾಗಿ ಒಬ್ಬರನ್ನೊಬ್ಬರು ನೋಡಿಕೊಂಡ ಜನ. ಐವತ್ತೊಂದು ತಂಡಗಳು, ಎಂಟುನೂರಕ್ಕೂ ಹೆಚ್ಚು ಹಾಡುಗಾರರು ಮತ್ತು ವಾದ್ಯಗಾರರು. ಕೇಳಲು ನೆರೆದವರು ಹತ್ತು ಸಾವಿರಕ್ಕೂ ಮಿಕ್ಕಿ. ನಮ್ಮ ಭಾಷೆಯಲ್ಲೇ ಶಾಲೆಗಳು ನಡೆಯಬೇಕು ಎಂದು ಯಾಕೊಬ್ ಹುರ್ಟ್ ಎಂಬ ವಿದ್ವಾಂಸರು ಭಾಷಣದಲ್ಲಿ ಬಯಸಿದ್ದೂ ಅಲ್ಲೇ.

ಹಾಡಿದವರೆಲ್ಲ ಗಂಡಸರು. ಹಾಡುಗಳಲ್ಲಿ ಹೆಚ್ಚಿನವು ಜರ್ಮನ್ ಮಾದರಿಯವು. ಎಸ್ಟೋನಿಯನ್ನರೇ ಸ್ವರ ಹಾಕಿದ್ದು ಎರಡಕ್ಕೆ ಮಾತ್ರ, ಹಾಕಿದವರು ಅಲೆಕ್ಸಾಂದರ್ ಕುನಿಲೈದ್. ಆ ಎರಡರ ಪದ್ಯವೂ ಯಾನ್ಸೆನ್ ಮಗಳು ಲಿದಿಯಾ ಕೊಯ್ದುಲಾ ಬರೆದದ್ದು. ಆಗ ಆಕೆಗೆ ಇಪ್ಪತ್ತೈದು. ಅಪ್ಪನ ಪತ್ರಿಕೆಯ ಕೆಲಸಕ್ಕೆ ಹೆಗಲು ಕೊಟ್ಟವಳು, ಮರುವರ್ಷ ಇದೇ ಸಂಘಕ್ಕೆ ನಾಟಕ ಬರೆದುಕೊಟ್ಟು ಎಸ್ಟೋನಿಯನ್ ರಂಗಭೂಮಿಗೆ ನಾಂದಿ ಹಾಡಿದವಳು. ತನ್ನ ಮಾತುಗಳನ್ನು ನೂರಾರು ಗಂಡಸರು ಹಾಡುವುದನ್ನು ಆಕೆ ಕೇಳಬಹುದಿತ್ತು, ಅವರ ಸಾಲಿನಲ್ಲಿ ನಿಲ್ಲುವಂತಿರಲಿಲ್ಲ. ಗಂಡು ಹೆಣ್ಣು ಕೂಡಿದ ಮೇಳಗಳು ಹಬ್ಬಕ್ಕೆ ಬಂದದ್ದು 1891ರಲ್ಲಿ, ಇದೇ ತಾರ್ತುವಿನಲ್ಲಿ. ಅಷ್ಟರಲ್ಲಿ ಕೊಯ್ದುಲಾ ತೀರಿಕೊಂಡು ಹತ್ತಿರಹತ್ತಿರ ಐದು ವರ್ಷವಾಗಿತ್ತು. ಈ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ನೋಯಿಸುವುದು ಈ ಐದು ವರ್ಷ.

ಮುಂದೆ ಹಬ್ಬ ರಾಜಧಾನಿ ತಾಲ್ಲಿನ್‌ಗೆ ಹೋಗಿ ನೆಲೆಸಿತು. ಕೊಯ್ದುಲಾರ ಅದೇ ಎರಡರಲ್ಲೊಂದು ಪದ್ಯಕ್ಕೆ ಗುಸ್ತಾವ್ ಎರ್ನೆಸಾಕ್ಸ್ ಹಾಕಿದ ಹೊಸ ಧಾಟಿ 1947ರ ಹಬ್ಬದಲ್ಲಿ ಮೊಳಗಿತು. ಆಗ ಸೋವಿಯತ್ ಆಡಳಿತ. ಆಮೇಲೆ ಅದನ್ನು ಕಾರ್ಯಕ್ರಮದಿಂದ ಕಿತ್ತುಹಾಕಿದರು. 1960ರಲ್ಲಿ ಯಾರ ಅಪ್ಪಣೆಗೂ ಕಾಯದೆ ಮೇಳ, ಜನ ಸೇರಿ ಅದನ್ನೇ ಹಾಡಿಬಿಟ್ಟರು. ಕಲಿತ ಹಾಡನ್ನು ಪಟ್ಟಿಯಿಂದ ತೆಗೆಯಬಹುದು, ಗಂಟಲಿಂದ ತೆಗೆಯುವುದು ಹೇಗೆ? 1988ರಲ್ಲಿ ಸ್ವಾತಂತ್ರ್ಯದ ಮಾತು ಬಹಿರಂಗವಾಗಿ ಕೇಳಿಬಂದದ್ದೂ ಹಬ್ಬ ನಡೆಯುವ ಅದೇ ಹಾಡುಬಯಲಿನಲ್ಲಿ, ಲಕ್ಷಗಟ್ಟಲೆ ಜನರ ನಡುವೆ.

2003ರಲ್ಲಿ ಯುನೆಸ್ಕೋ ಈ ಪರಂಪರೆಯನ್ನು ಗುರುತಿಸಿತು. 2019ಕ್ಕೆ ನೂರೈವತ್ತು ವರ್ಷ ತುಂಬಿದಾಗ ಹಬ್ಬದ ಜ್ಯೋತಿ ಹೊತ್ತಿಸಿದ್ದು ತಾರ್ತುವಿನಲ್ಲಿಯೇ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ತಾಲ್ಲಿನ್‌ನ ಕಮಾನು ಚಾವಣಿಯ ಕೆಳಗೆ ಸಾವಿರಾರು ಮಂದಿ ಸಾಲುಗಟ್ಟಿ ನಿಲ್ಲುತ್ತಾರೆ. ಆದರೆ ಹೆಸರು ಕೊಟ್ಟ ಮಾತ್ರಕ್ಕೆ ಅಲ್ಲಿ ಜಾಗವಿಲ್ಲ. ಹಾಡುಗಳ ಪಟ್ಟಿ ಮೊದಲೇ ಮೇಳಗಳ ಕೈ ಸೇರುತ್ತದೆ. ತಿಂಗಳುಗಟ್ಟಲೆ ಕಲಿತು, ಪರೀಕ್ಷಿಸಲು ಬಂದವರ ಮುಂದೆ ಹಾಡಿ ಒಪ್ಪಿಸಬೇಕು. ಅಂಗಡಿಯವರಿರಲಿ, ದಾದಿಯರಿರಲಿ, ಪ್ರೊಫೆಸರರೇ ಇರಲಿ, ಸ್ವರ ನಿಲ್ಲದಿದ್ದರೆ ಮನೆಗೆ ಹೋಗಿ ಮತ್ತೆ ಕಲಿತು ಬರಬೇಕು.