ದೂರದ ವೈದ್ಯರೂ ಹತ್ತಿರದ ದಾದಿಯೂ

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯರಲ್ಲಿ ಕೆಲವರು ವರ್ಷವರ್ಷವೂ ದಾದಿಯರ ಶಿಕ್ಷಣಕ್ಕೆ ಸೇರುವುದುಂಟು. "ಕಂಪ್ಯೂಟರೇ ವೈದ್ಯ ಮಾಡುವ ಕಾಲ ಬಂದಿದೆಯಂತೆ, ಇನ್ನು ನನ್ನ ಮಗಳು ದಾದಿಯಾಗಿ ಫಲವೇನಮ್ಮಾ?" ಎಂದು ತಾಯಿಯೊಬ್ಬರು ಈಚೆಗೆ ನನ್ನನ್ನು ಕೇಳಿದರು. ಈ ಸಂದೇಹವು ಇತರ ಪೋಷಕರಿಗೂ ಇರಬಹುದಾದುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಹೃದಯಕ್ಕೆ ರಕ್ತವನ್ನೊಯ್ಯುವ ನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ, ಆ ಭಾಗದ ಸ್ನಾಯುವು ಸಾಯತೊಡಗುತ್ತದೆ. ಹೆಪ್ಪನ್ನು ಕರಗಿಸುವ ಔಷಧವುಂಟು. ಮೊದಲ ಕೆಲವು ಗಂಟೆಗಳೊಳಗೆ ಕೊಟ್ಟರೇ ಅದರಿಂದ ಹೆಚ್ಚು ಗುಣ. ಆದರೆ ಕೆಲವರಿಗೆ ಅದರಿಂದ ರಕ್ತಸ್ರಾವದ ಅಪಾಯವಿರುವುದರಿಂದ, ಎದೆನೋವು ಎಂದವರಿಗೆಲ್ಲ ಕೊಡಲಾಗದು. ಬಲ್ಲವರ ನಿರ್ಣಯ ಬೇಕು. ಬಲ್ಲವರೋ ದೊಡ್ಡ ನಗರಗಳಲ್ಲಿ, ರೋಗಿಯೋ ಹಳ್ಳಿಯಲ್ಲಿ. ತಡವಾಗಿ ಬಂದವನ ಸತ್ತ ಸ್ನಾಯುವನ್ನು ಎಂತಹ ನಿಪುಣ ಶಸ್ತ್ರವೈದ್ಯನೂ ಬದುಕಿಸಲಾರನು.

ದೂರವೆಂಬ ಈ ತೊಡಕನ್ನು ನೀಗಲು ಶಸ್ತ್ರವೈದ್ಯರೇ ಮುಂದಾದರು. ಮಿದುಳಿನ ಶಸ್ತ್ರವೈದ್ಯರಾದ ಚೆನ್ನೈನ ಡಾ. ಕೆ. ಗಣಪತಿಯವರು ದೂರಚಿಕಿತ್ಸೆಯ ಪ್ರಚಾರಕ್ಕಾಗಿ ಬಹುಕಾಲ ದುಡಿದವರು. ದಕ್ಷಿಣ ಕನ್ನಡದವರಾದ ಹೃದಯ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿಯವರ ಬೆಂಗಳೂರಿನ ಆಸ್ಪತ್ರೆಯನ್ನು ಚಾಮರಾಜನಗರದ ಸರಕಾರಿ ಜಿಲ್ಲಾ ಆಸ್ಪತ್ರೆಯೊಡನೆಯೂ ಸರಗೂರಿನ ಆಸ್ಪತ್ರೆಯೊಡನೆಯೂ 2002ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಜೋಡಿಸಲಾಯಿತು.

ಅದರ ಕ್ರಮವು ಹೀಗೆ: ರೋಗಿಯ ಎದೆಗೂ ಕೈಕಾಲುಗಳಿಗೂ 10 ತಂತಿಗಳನ್ನು ಅಂಟಿಸಿದರೆ, ಯಂತ್ರವು ಹೃದಯದ ವಿದ್ಯುತ್ತಿನ ಏರಿಳಿತವನ್ನು ರೇಖೆಯಾಗಿ ಬರೆಯುತ್ತದೆ. ಇದೇ ಇಸಿಜಿ. ಈ ರೇಖೆಯನ್ನು ಅಂಕಿಗಳನ್ನಾಗಿ ಮಾರ್ಪಡಿಸಿ ಕಳುಹಿಸಿದರೆ, ದೂರದ ವೈದ್ಯರ ಮುಂದೆ ಅದು ಪುನಃ ರೇಖೆಯಾಗಿ ಮೂಡುತ್ತದೆ. ಡಿಜಿಟಲ್ ಎಂಬ ಮಾತಿನ ತಿರುಳು ಇಷ್ಟೇ.

ಇಲ್ಲಿಯೇ ದಾದಿಯ ಮಹತ್ತ್ವವು ಕಾಣುವುದು. ಬಲಗೈಯ ತಂತಿಯನ್ನು ಎಡಗೈಗೂ ಎಡಗೈಯದನ್ನು ಬಲಗೈಗೂ ಅಂಟಿಸಿದರೆ ರೇಖೆಯ ಒಂದು ಭಾಗವು ತಲೆಕೆಳಗಾಗುತ್ತದೆ. ಸರಿಯಾದುದನ್ನು ಎಷ್ಟು ನಿಷ್ಠೆಯಿಂದ ಕಳುಹಿಸುವುದೋ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಯಂತ್ರವು ಕಳುಹಿಸುತ್ತದೆ! ನೋವು ಯಾವಾಗ ಬಂದಿತೆಂದು ರೋಗಿಯ ಆಡುನುಡಿಯಲ್ಲಿ ಕೇಳುವವಳೂ, ಹಣೆಯ ಬೆವರನ್ನು ಕಾಣುವವಳೂ, ವೈದ್ಯರು ಹೇಳಿದ ಔಷಧವನ್ನು ಕೈಯಾರೆ ಕೊಡುವವಳೂ ಅವಳೇ.

ಭಾರತ ಸರಕಾರವು 2019ರಲ್ಲಿ ಆರಂಭಿಸಿದ ಇ-ಸಂಜೀವನಿಯಲ್ಲಿಯೂ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರೋಗಿಯ ಬಳಿ ಕುಳಿತು ದೂರದ ವೈದ್ಯರೊಡನೆ ಮಾತನಾಡುವ ಅಧಿಕಾರಿಗಳಲ್ಲಿ ಅನೇಕರು ದಾದಿಯರ ಶಿಕ್ಷಣ ಪಡೆದವರು. ರೋಗಿಯ ಒಪ್ಪಿಗೆಯಿರಬೇಕು, ಅವನ ಗುಟ್ಟನ್ನು ಕಾಯಬೇಕು ಎಂದು 2020ರ ದೂರಚಿಕಿತ್ಸಾ ನಿಯಮಗಳು ವಿಧಿಸಿವೆ. ಗುಟ್ಟನ್ನು ಕಾಯುವ ಗುಣವು ಯಂತ್ರದಿಂದ ಬರತಕ್ಕುದಲ್ಲ. ಮನೆಯಲ್ಲಿಯೂ ಶಾಲೆಯಲ್ಲಿಯೂ ಬೆಳೆಯತಕ್ಕುದು.

ಆದುದರಿಂದ ಆ ತಾಯಿಗೆ ನಾನು ಹೇಳಿದೆನು: "ಮಗಳನ್ನು ಕಳುಹಿಸಿರಮ್ಮಾ. ವೈದ್ಯರ ಕಣ್ಣು ಈಗ ಬಹುದೂರ ಕಾಣಬಲ್ಲದು. ಆದರೆ ರೋಗಿಯ ಕೈ ಹಿಡಿಯಲು ಹತ್ತಿರದಲ್ಲೊಬ್ಬರು ಇರಲೇಬೇಕಲ್ಲವೇ?"