ಜಿಂಕೆಯ ಬೇಟೆ ಮತ್ತು ನೆಲದ ಒಡೆತನ

ಕಾಡುಜಿಂಕೆಯು ಒಬ್ಬನ ಹೊಲದಿಂದ ಇನ್ನೊಬ್ಬನ ಹೊಲಕ್ಕೂ, ಅಲ್ಲಿಂದ ಸರಕಾರದ ಅರಣ್ಯಕ್ಕೂ ಎಲ್ಲೆಯರಿಯದೆ ಸಂಚರಿಸುವ ಪ್ರಾಣಿ. ಆದುದರಿಂದ ಅದನ್ನು ಬೇಟೆಯಾಡುವ ಹಕ್ಕು ನೆಲದೊಡೆಯನದೋ ಸಮಾಜದ್ದೋ ಎಂಬ ಪ್ರಶ್ನೆ ನ್ಯಾಯಶಾಸ್ತ್ರದಲ್ಲಿ ಬಹಳ ಹಳೆಯದು.

ರೋಮನ್ ನ್ಯಾಯದ ಪ್ರಕಾರ ವನ್ಯಮೃಗವು ಯಾರ ಸ್ವತ್ತೂ ಅಲ್ಲ. ಹಿಡಿದವನೇ ಅದರ ಒಡೆಯ. ಇಂಗ್ಲೆಂಡು ಈ ತತ್ತ್ವವನ್ನು ಉಳಿಸಿಕೊಂಡರೂ ಬೇಟೆಯ ಹಕ್ಕನ್ನು ಕಾಲಕ್ರಮದಲ್ಲಿ ಭೂಮಿಯ ಒಡೆತನಕ್ಕೆ ಬಿಗಿಯಿತು. ಅಮೆರಿಕೆಯ ವಲಸೆಗಾರರಿಗೆ ಇದು ಒಪ್ಪಿಗೆಯಾಗಲಿಲ್ಲ. ವರ್ಮಾಂಟಿನ 1777ರ ಸಂವಿಧಾನವು, ಬೇಲಿಯಿಲ್ಲದ ಪರರ ಭೂಮಿಯಲ್ಲಿಯೂ ಯೋಗ್ಯಕಾಲದಲ್ಲಿ ಬೇಟೆಯಾಡುವ ಸ್ವಾತಂತ್ರ್ಯವನ್ನು ಜನರಿಗೆ ನೀಡಿತು.

ಇಂದು ಅಲ್ಲಿನ ಸಂಸ್ಥಾನಗಳು ಪ್ರಜೆಗಳ ಪರವಾಗಿ ಜಿಂಕೆಯನ್ನು ಪಾಲಿಸುತ್ತವೆ. ಬೇಟೆಯ ಋತು, ಕೊಲ್ಲಬಹುದಾದ ಸಂಖ್ಯೆ, ಪರವಾನಗಿ ಇವು ಸರಕಾರದ ಅಧೀನ. ಖಾಸಗಿ ನೆಲದೊಳಗೆ ಪ್ರವೇಶಾನುಮತಿ ಮಾತ್ರ ಭೂಮಾಲಿಕನ ಅಧೀನ. ಟೆಕ್ಸಾಸಿನಲ್ಲಿ ಭೂಮಿಯ ಬಹುಭಾಗ ಖಾಸಗಿಯಾದುದು. ಆದುದರಿಂದ ಜಿಂಕೆ ಪ್ರಜೆಗಳದ್ದಾದರೂ ಬೇಟೆಗಾರನು ಸಾಮಾನ್ಯವಾಗಿ ನೆಲದ ಗುತ್ತಿಗೆಗೆ ಹಣ ತೆರುತ್ತಾನೆ. ಹಣವಿಲ್ಲದವನಿಗೆ ಸಾರ್ವಜನಿಕ ಅರಣ್ಯವೇ ಗತಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಈ ಭೇದವನ್ನೇ ಅಳಿಸಿದೆ. ಬೆಳೆ ಕಳೆದುಕೊಂಡ ರೈತನೂ ತನ್ನ ಸ್ವಂತ ಹೊಲದಲ್ಲಿ ಅಧಿಕಾರಿಗಳ ಅಪ್ಪಣೆಯಿಲ್ಲದೆ ಜಿಂಕೆಯನ್ನು ಕೊಲ್ಲುವಂತಿಲ್ಲ. ಮೃಗವು ಸಮಾಜದ ಸಂಪತ್ತೆಂದು ಒಪ್ಪಿದ ಮೇಲೆ, ಅದು ಮೇಯ್ದ ಪೈರಿನ ನಷ್ಟದಲ್ಲಿ ಸಮಾಜದ ಪಾಲೆಷ್ಟು ಎಂಬುದನ್ನೂ ನಿರ್ಣಯಿಸಬೇಕಾಗುತ್ತದೆ.