ತಂತ್ರಾಂಶದ ಉಗ್ರಾಣಕ್ಕೂ ಲೆಕ್ಕಪರಿಶೋಧನೆ

ಸೋಮವಾರಪೇಟೆಯ ಕಾಫಿ, ಕರಿಮೆಣಸಿನ ವರ್ತಕರು ಗೋದಾಮಿನ ಬೀಗದ ಕೈ ಯಾರಲ್ಲಿದೆಯೆಂಬುದನ್ನು ಸದಾ ಬಲ್ಲರು. ಆದರೆ ತಮಗಾಗಿ ಬರೆಸಿಕೊಂಡ ಲೆಕ್ಕದ ತಂತ್ರಾಂಶದ ಮೂಲ ಸಂಕೇತವನ್ನು ತಿದ್ದುವ ಅಧಿಕಾರ ಯಾರಿಗಿದೆಯೆಂದು ಬಲ್ಲವರು ವಿರಳ.

ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗಬೇಕು, ಆ ದಾಖಲೆಯನ್ನು ಸ್ಥಗಿತಗೊಳಿಸಲು ಆಸ್ಪದವಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೂಲ ಸಂಕೇತವೇ ಅರಕ್ಷಿತವಾಗಿದ್ದರೆ ಈ ಕಟ್ಟುಪಾಡು ವ್ಯರ್ಥ.

ಸಂಕೇತವನ್ನಿರಿಸುವ ಗಿಟ್‌ಹಬ್‌ನಂತಹ ಭಂಡಾರದ ಭದ್ರತಾ ಏರ್ಪಾಡುಗಳನ್ನು 'ಸ್ಕ್ರಿಪ್ಟ್' ಎಂಬ ಕಿರು ಆದೇಶಪಟ್ಟಿಯು ಓದಿ ವರದಿ ಮಾಡುತ್ತದೆ: ಭಂಡಾರ ಖಾಸಗಿಯೇ? ಎರಡು ಹಂತದ ದೃಢೀಕರಣ ಕಡ್ಡಾಯವೇ? ಮತ್ತೊಬ್ಬರ ಒಪ್ಪಿಗೆಯಿಲ್ಲದೆ ಮುಖ್ಯ ಪ್ರತಿಯನ್ನು ತಿದ್ದಬಹುದೇ? ಪ್ರವೇಶಾಧಿಕಾರ ಯಾರಿಗಿದೆ? ಈ ಹೆಸರುಗಳನ್ನು ಸಿಬ್ಬಂದಿಯ ವೇತನ ಪುಸ್ತಕದೊಡನೆ ತಾಳೆ ನೋಡಿದರೆ, ಕೆಲಸ ಬಿಟ್ಟವರ ಬಳಿ ಉಳಿದ ಕೀಲಿಗಳು ಹೊರಬೀಳುತ್ತವೆ.

ತಂತ್ರಾಂಶ ಪೂರೈಸಿದವರಿಂದ ಇಂತಹ ವರದಿಯನ್ನು ಮೂರು ತಿಂಗಳಿಗೊಮ್ಮೆ ಕೇಳಿ ಪಡೆಯುವುದು ಶ್ರೇಯಸ್ಕರ.